ಉರುಳುವ ಗುಂಡು, ಓಡುವ ಕಾಲ

ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕವರ ಕಣ್ಣು ಆಗಾಗ ಚಾಲಕನ ಎದುರಿನ ದುಂಡು ಮಾಪಕದ ಮೇಲೆ ಬೀಳುವುದುಂಟು. ಮುಳ್ಳು 60ರ ಆಸುಪಾಸಿನಲ್ಲಿ ಅಲುಗುತ್ತಿರುತ್ತದೆ. ಎದುರಿಗೆ ಎತ್ತಿನ ಗಾಡಿಯೊಂದು ಕಂಡಿತೆಂದರೆ 20ಕ್ಕೆ ಇಳಿಯುತ್ತದೆ. ಗಾಡಿ ಹಿಂದೆ ಬಿದ್ದೊಡನೆ ಮತ್ತೆ ಮೇಲೇರುತ್ತದೆ. ಇದರಲ್ಲಿ ಸೋಜಿಗಪಡುವಂಥದ್ದು ಏನೂ ಇಲ್ಲವೆಂದೇ ತೋರುತ್ತದೆ. ಆದರೆ ಆ 60 ಎಂದರೆ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಗಂಟೆಗೆ 60 ಕಿಲೋಮೀಟರ್ ಎನ್ನಬಹುದು. ಆದರೆ ಬಸ್ಸು ಆ ವೇಗದಲ್ಲಿ ಒಂದು ಗಂಟೆ ಓಡಿಲ್ಲ, ಓಡುವ ಭರವಸೆಯೂ ಇಲ್ಲ. ಮುಳ್ಳು ಹೇಳುತ್ತಿರುವುದು ಈ ಕ್ಷಣದ ಮಾತನ್ನು. ಕ್ಷಣವೆಂದರೆ ಕಾಲದ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಬಸ್ಸು ಕ್ರಮಿಸಿದ ದೂರ ಸೊನ್ನೆ, ಹಿಡಿದ ಹೊತ್ತು ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ 60 ಬಂದದ್ದಾದರೂ ಹೇಗೆ?

ಇದು ಮಾತಿನ ಚಮತ್ಕಾರವಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಎಲಿಯಾ ಪಟ್ಟಣದ ಜೀನೋ ಎಂಬ ಗ್ರೀಕ್ ತತ್ತ್ವಜ್ಞಾನಿ ಇದೇ ತೊಡಕನ್ನು ಬಾಣದ ರೂಪದಲ್ಲಿ ಮುಂದಿಟ್ಟಿದ್ದ. ಹಾರುವ ಬಾಣ ಪ್ರತಿಯೊಂದು ಕ್ಷಣದಲ್ಲಿಯೂ ತನ್ನಷ್ಟೇ ಉದ್ದದ ಒಂದು ಜಾಗದಲ್ಲಿರುತ್ತದೆ, ಎಂದರೆ ನಿಂತಿರುತ್ತದೆ. ಕ್ಷಣಕ್ಷಣವೂ ನಿಂತಿರುವ ಬಾಣ ಚಲಿಸುವುದು ಯಾವಾಗ ಎಂಬುದು ಅವನ ಪ್ರಶ್ನೆ. ಕೇಳಿದವರು ನಕ್ಕಿರಬಹುದು. ಆದರೆ ತೃಪ್ತಿಕರವಾದ ಉತ್ತರ ಕೊಡಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಗ್ರೀಕರಿಗೆ ಇನ್ನೊಂದು ಅಡಚಣೆಯೂ ಇತ್ತು. ದೂರವನ್ನು ಕಾಲದಿಂದ ಭಾಗಿಸುವುದು ಇಂದು ಹೈಸ್ಕೂಲು ಹುಡುಗರಿಗೂ ಸಹಜ. ಯೂಕ್ಲಿಡ್‌ನ ರೇಖಾಗಣಿತದಲ್ಲಿ ಪಳಗಿದ ಬುದ್ಧಿಗೆ ಅದು ಅಸಂಬದ್ಧ. ಉದ್ದವನ್ನು ಉದ್ದದೊಡನೆ ಹೋಲಿಸಬಹುದು, ಕಾಲವನ್ನು ಕಾಲದೊಡನೆ ಹೋಲಿಸಬಹುದು; ಮೊಳವನ್ನು ಗಳಿಗೆಯಿಂದ ಭಾಗಿಸುವುದೆಂದರೆ ರಾಗಿಯನ್ನು ರಾಗದಿಂದ ಅಳೆದಂತೆ. ಆದ್ದರಿಂದ ಅರಿಸ್ಟಾಟಲ್‌ನಂಥವರು, ಒಂದೇ ಹೊತ್ತಿನಲ್ಲಿ ಹೆಚ್ಚು ದೂರ ಹೋದದ್ದು ಚುರುಕಾದದ್ದು ಎಂದು ಎರಡು ವಸ್ತುಗಳನ್ನು ಹೋಲಿಸಿ ಹೇಳುತ್ತಿದ್ದರೇ ಹೊರತು, ಒಂದು ವಸ್ತುವಿಗೆ ತನ್ನದೇ ಆದ ವೇಗವೊಂದಿದೆ, ಅದನ್ನು ಒಂದು ಅಂಕಿಯಿಂದ ಗುರುತಿಸಬಹುದು ಎಂದು ಹೇಳುತ್ತಿರಲಿಲ್ಲ.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ಕನ್ನಡ ಪಠ್ಯಪುಸ್ತಕಗಳು ಜವ ಮತ್ತು ವೇಗ ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತವೆ. ಎಷ್ಟು ಚುರುಕು ಎಂಬುದಷ್ಟೇ ಜವ. ಎಷ್ಟು ಚುರುಕು ಮತ್ತು ಯಾವ ದಿಕ್ಕಿಗೆ ಎಂಬುದು ವೇಗ. 400 ಮೀಟರ್ ಸುತ್ತಳತೆಯ ಮೈದಾನವನ್ನು ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದ ಹುಡುಗಿ ಕ್ರಮಿಸಿದ ದೂರ 400 ಮೀಟರ್. ಅವಳ ಸ್ಥಾನಪಲ್ಲಟ ಮಾತ್ರ ಸೊನ್ನೆ. ಆದ್ದರಿಂದ ಅವಳ ಸರಾಸರಿ ಜವ ಎಷ್ಟೇ ಇರಲಿ, ಸರಾಸರಿ ವೇಗ ಸೊನ್ನೆ. ಬೆವರು ಸುರಿಸಿ ಬಂದವಳಿಗೆ ಈ ಮಾತು ಹೇಳಿದರೆ ಸಿಟ್ಟು ಬಂದೀತು. ಜವ ಎಂಬ ಪದಕ್ಕೆ ಹಳೆಯ ಕನ್ನಡದಲ್ಲಿ ಯಮ ಎಂಬ ಅರ್ಥವೂ ಇದೆ. ಜವರಾಯನನ್ನು ಹಳ್ಳಿಗರು ಇಂದಿಗೂ ಬಲ್ಲರು. ಹೆದ್ದಾರಿಗಳನ್ನು ನೋಡಿದವರಿಗೆ ಈ ಎರಡು ಅರ್ಥಗಳೂ ಅಷ್ಟೇನೂ ದೂರವಲ್ಲ ಎನಿಸಬಹುದು.

ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ಉತ್ಕರ್ಷ ಎಂದರೆ ಏಳಿಗೆ. ಆದರೆ ಚಾಲಕ ಬ್ರೇಕು ಒತ್ತಿದಾಗ ಬಸ್ಸು ಪಡೆಯುವುದೂ ಭೌತವಿಜ್ಞಾನದ ಲೆಕ್ಕದಲ್ಲಿ ವೇಗೋತ್ಕರ್ಷವೇ, ಋಣ ಚಿಹ್ನೆಯದು ಅಷ್ಟೆ. ತಿರುವಿನಲ್ಲಿ ಮುಳ್ಳು ಕದಲದೆ ನಿಂತಿದ್ದರೂ ದಿಕ್ಕು ಬದಲಾಗುವುದರಿಂದ ಅಲ್ಲಿಯೂ ವೇಗೋತ್ಕರ್ಷ ಇರುತ್ತದೆ. ಪಕ್ಕದವರ ಮೇಲೆ ವಾಲಿ ಬೀಳುವ ಪ್ರಯಾಣಿಕ ಅದಕ್ಕೆ ಸಾಕ್ಷಿ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದೇ ಆದರೂ ಬಳಕೆಯಲ್ಲಿ ನಿಂತುಬಿಟ್ಟಿದೆ.

ಕ್ಷಣದ ವೇಗ ಎಂಬ ಕಲ್ಪನೆ ಭಾರತದಲ್ಲಿ ಹುಟ್ಟಿದ್ದು ಆಕಾಶವನ್ನು ನೋಡುತ್ತ. ಚಂದ್ರ ನಕ್ಷತ್ರಗಳ ನಡುವೆ ದಿನಕ್ಕೆ ಸರಾಸರಿ 13 ಡಿಗ್ರಿಗಿಂತ ತುಸು ಹೆಚ್ಚು ಸರಿಯುತ್ತಾನೆ. ಆದರೆ ಎಲ್ಲ ದಿನವೂ ಅಷ್ಟೇ ಅಲ್ಲ. ಕೆಲವು ದಿನ 12 ಡಿಗ್ರಿಯ ಹತ್ತಿರ, ಕೆಲವು ದಿನ 15ರ ಹತ್ತಿರ. ತಿಥಿಯೊಂದು ಒಮ್ಮೆ 20 ಗಂಟೆಗೇ ಮುಗಿದು ಇನ್ನೊಮ್ಮೆ 26 ಗಂಟೆ ದಾಟಿ ಎಳೆಯುವುದಕ್ಕೆ ಮುಖ್ಯ ಕಾರಣ ಇದೇ. ಪಂಚಾಂಗ ಬರೆಯುವವನಿಗೆ ತಿಥಿ ಮುಗಿಯುವ ಗಳಿಗೆ ಬೇಕು. ಇಡೀ ದಿನದ ಸರಾಸರಿ ಗತಿಯನ್ನು ಹಿಡಿದು ಲೆಕ್ಕ ಹಾಕಿದರೆ ಆ ಗಳಿಗೆ ತಪ್ಪುತ್ತದೆ, ಏಕೆಂದರೆ ಬೆಳಗಿನ ಚಂದ್ರನ ಗತಿ ಸಂಜೆಯ ಚಂದ್ರನ ಗತಿಯಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಎರಡನೆಯ ಭಾಸ್ಕರಾಚಾರ್ಯ ಇದಕ್ಕಾಗಿ ತಾತ್ಕಾಲಿಕ ಗತಿಯನ್ನು, ಅಂದರೆ ಆಯಾ ಕಾಲದ ಗತಿಯನ್ನು, ಲೆಕ್ಕ ಹಾಕುವ ಕ್ರಮ ಹೇಳಿದ. ಅವನಿಗಿಂತ ಮುಂಚೆ ಮಂಜುಳನ ಗ್ರಂಥದಲ್ಲಿಯೂ ಇದರ ಎಳೆ ಇದೆ. ಜ್ಯಾ ಬದಲಾಗುವ ದರ ಕೋಟಿಜ್ಯೆಯನ್ನು ಅನುಸರಿಸುತ್ತದೆ ಎಂಬುದು ಆ ಕ್ರಮದ ತಿರುಳು. ಇಂದು ಅದನ್ನು ಕಲನಶಾಸ್ತ್ರದ ಮೊದಲ ಪಾಠಗಳಲ್ಲಿ ಕಲಿಸುತ್ತಾರೆ. ಭಾಸ್ಕರ ತನ್ನ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಕರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು, ಮಹಾರಾಷ್ಟ್ರದ ಚಾಳೀಸಗಾಂವ್ ಸಮೀಪದ ಪ್ರದೇಶವೆಂದು ಮತ್ತೆ ಕೆಲವರು ವಾದಿಸುತ್ತ ಬಂದಿದ್ದಾರೆ.

ಎಲ್ಲವನ್ನೂ ನಮ್ಮವರೇ ಮೊದಲು ಕಂಡರು ಎಂದು ಹೊರಡುವವರು ಇಲ್ಲಿ ಸ್ವಲ್ಪ ತಡೆಯಬೇಕು. ಭಾಸ್ಕರನ ತಾತ್ಕಾಲಿಕ ಗತಿ ಗ್ರಹಗಳದ್ದು. ಮರದಿಂದ ಬೀಳುವ ಕಾಯಿಗೂ ಅಂಥದೊಂದು ಲೆಕ್ಕ ಇದ್ದೀತೆಂದು ಅವನ ಗ್ರಂಥ ಕೇಳುವುದಿಲ್ಲ. ಪಂಚಾಂಗಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಯೂರೋಪಿನಲ್ಲಿ ಈ ವಿಚಾರ ಬೆಳೆದದ್ದು ಇದಕ್ಕೆ ತದ್ವಿರುದ್ಧವಾಗಿ, ಆಕಾಶವನ್ನೂ ನೋಡದೆ ಭೂಮಿಯನ್ನೂ ನೋಡದೆ, ಬರಿಯ ತರ್ಕದಲ್ಲಿ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು 1330ರ ದಶಕದಲ್ಲಿ ಒಂದು ಪ್ರಮೇಯವನ್ನು ಕಂಡುಕೊಂಡರು. ವೇಗ ಒಂದೇ ಸಮನಾಗಿ ಏರುತ್ತ ಹೋದರೆ, ಒಟ್ಟು ಕ್ರಮಿಸುವ ದೂರ ಮೊದಲ ಮತ್ತು ಕೊನೆಯ ವೇಗಗಳ ನಡುವಣ ವೇಗದಲ್ಲಿ ಅಷ್ಟೇ ಹೊತ್ತು ಸಮನಾಗಿ ಹೋದಾಗ ಕ್ರಮಿಸುವ ದೂರಕ್ಕೆ ಸಮ ಎಂಬುದೇ ಅದು. ನಿಂತ ಬಸ್ಸು ಒಂದು ನಿಮಿಷದಲ್ಲಿ ಸಮನಾಗಿ ವೇಗ ಹೆಚ್ಚಿಸಿಕೊಂಡು ಗಂಟೆಗೆ 60 ಕಿ.ಮೀ. ಮುಟ್ಟಿತು ಎನ್ನೋಣ. ಆ ನಿಮಿಷದಲ್ಲಿ ಅದು ಹೋದ ದೂರ, ಗಂಟೆಗೆ 30ರ ವೇಗದಲ್ಲಿ ಒಂದು ನಿಮಿಷ ಹೋದಷ್ಟು, ಅಂದರೆ ಅರ್ಧ ಕಿಲೋಮೀಟರ್. 1350ರ ಸುಮಾರಿನಲ್ಲಿ ಪ್ಯಾರಿಸ್ಸಿನ ನಿಕೋಲ್ ಓರೆಮ್ ಇದನ್ನು ಚಿತ್ರವಾಗಿ ಬರೆದು ತೋರಿಸಿದ. ಅಡ್ಡಗೆರೆ ಕಾಲ, ಅದರ ಮೇಲೆ ನಿಲ್ಲಿಸಿದ ಲಂಬಗೆರೆಗಳು ಆಯಾ ಕ್ಷಣದ ವೇಗ. ಏರುವ ವೇಗದ ಚಿತ್ರ ತ್ರಿಕೋನವಾಗುತ್ತದೆ, ಅದರ ವಿಸ್ತೀರ್ಣವೇ ದೂರ. ಗ್ರಾಫ್ ಕಾಗದದ ಪೂರ್ವಜ ಇದು. ಆದರೆ ಈ ಪಂಡಿತರು ಒಂದು ಗುಂಡನ್ನೂ ಉರುಳಿಸಿ ನೋಡಲಿಲ್ಲ. ಬಿಳುಪು, ಬಿಸಿ, ಸದ್ಗುಣ ಮುಂತಾದವು ಹೆಚ್ಚುವುದಕ್ಕೂ ಅವರ ಕೈಯಲ್ಲಿ ಇದೇ ಲೆಕ್ಕ.

ಗುಂಡನ್ನು ಉರುಳಿಸಿದವನು ಗೆಲಿಲಿಯೋ.

ಅವನ ಹೆಸರು ಬಂದೊಡನೆ ಪೀಸಾದ ವಾಲುಗೋಪುರ ನೆನಪಾಗುವುದು ವಾಡಿಕೆ. ಗೋಪುರದಿಂದ ಎರಡು ಗುಂಡುಗಳನ್ನು ಬಿಟ್ಟು ಅರಿಸ್ಟಾಟಲ್‌ನನ್ನು ಸೋಲಿಸಿದ ಕಥೆ ಬರುವುದು ಅವನ ಕೊನೆಗಾಲದ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಲ್ಲಿ, ಅದೂ ಗುರು ತೀರಿಕೊಂಡ ಮೇಲೆ. ನಡೆದಿರಬಹುದು, ನಡೆಯದೆಯೂ ಇರಬಹುದು. ನಡೆದಿದ್ದರೂ ಅದರಿಂದ ತಿಳಿಯುವುದು ಇಷ್ಟೆ: ಭಾರದ ಗುಂಡು, ಹಗುರದ ಗುಂಡು ಹೆಚ್ಚುಕಡಿಮೆ ಒಟ್ಟಿಗೆ ಬೀಳುತ್ತವೆ. ಹೇಗೆ ಬೀಳುತ್ತವೆ, ವೇಗ ಯಾವ ಕ್ರಮದಲ್ಲಿ ಏರುತ್ತದೆ ಎಂಬುದು ತಿಳಿಯುವುದಿಲ್ಲ. ಇಪ್ಪತ್ತು ಮೀಟರ್ ಎತ್ತರದ ತೆಂಗಿನ ಮರದಿಂದ ಕಳಚಿದ ಕಾಯಿ ಎರಡು ಸೆಕೆಂಡಿನಲ್ಲಿ ನೆಲದಲ್ಲಿರುತ್ತದೆ. ಆ ಹೊತ್ತಿಗೆ ಅದರ ವೇಗ ಗಂಟೆಗೆ 70 ಕಿ.ಮೀ. ಮುಟ್ಟಿರುತ್ತದೆ. ಸೆಕೆಂಡಿನ ಮುಳ್ಳುಳ್ಳ ಗಡಿಯಾರವೇ ಇಲ್ಲದ ಕಾಲದಲ್ಲಿ ಇದನ್ನು ಯಾರು ಅಳೆದಾರು?

ಗೆಲಿಲಿಯೋ ಕಂಡುಕೊಂಡ ಉಪಾಯ, ಬೀಳುವುದನ್ನೇ ನಿಧಾನ ಮಾಡುವುದು. ನೇರ ಬೀಳುವ ಬದಲು ಓರೆ ಹಲಗೆಯ ಮೇಲೆ ಗುಂಡು ಉರುಳಿದರೆ ಅದೂ ಬೀಳುವಿಕೆಯೇ, ತೆಳುವಾದ ಬೀಳುವಿಕೆ. ಹಾಲಿಗೆ ನೀರು ಬೆರೆಸಿದಂತೆ. ಓರೆ ಕಡಿಮೆಯಾದಷ್ಟೂ ಗುಂಡು ನಿಧಾನ, ಆದರೆ ವೇಗ ಏರುವ ಕ್ರಮ ಅದೇ ಎಂದು ಅವನ ನಂಬಿಕೆ. ಹಲಗೆಯ ವಿವರಗಳನ್ನು ಅವನು ಮುಂದೆ ಪುಸ್ತಕದಲ್ಲಿ ಬಡಗಿಗೆ ಹೇಳುವಂತೆ ಹೇಳಿದ್ದಾನೆ. ಉದ್ದ ಸುಮಾರು ಹನ್ನೆರಡು ಮೊಳ, ದಪ್ಪ ಮೂರು ಬೆರಳು; ಅಂಚಿನಲ್ಲಿ ಒಂದು ಬೆರಳಿಗಿಂತ ತುಸು ಅಗಲದ ನೇರ ಕಾಲುವೆ; ಅದರೊಳಗೆ ನುಣುಪಾದ ಚರ್ಮಪತ್ರದ ಹೊದಿಕೆ; ಉರುಳಲು ಗಟ್ಟಿಯಾದ, ಚೆನ್ನಾಗಿ ದುಂಡಾದ ಕಂಚಿನ ಗುಂಡು. ಕಾಲವನ್ನು ಅವನು ಅಳೆದದ್ದು ತಕ್ಕಡಿಯಲ್ಲಿ! ದೊಡ್ಡ ನೀರಿನ ಪಾತ್ರೆಯ ತಳಕ್ಕೆ ಸಣ್ಣ ಕೊಳವೆ ಇಟ್ಟು, ಗುಂಡು ಹೊರಟಾಗ ತೆರೆದು, ಮುಟ್ಟಿದಾಗ ಮುಚ್ಚಿ, ಅಷ್ಟರಲ್ಲಿ ಲೋಟಕ್ಕೆ ಬಿದ್ದ ನೀರನ್ನು ತೂಗುವುದು. ನೀರಿನ ತೂಕವೇ ಕಾಲ. ನೂರು ಸಲ ಮಾಡಿದರೂ ನಾಡಿಮಿಡಿತದ ಹತ್ತನೆಯ ಒಂದು ಭಾಗದಷ್ಟೂ ವ್ಯತ್ಯಾಸ ಬರಲಿಲ್ಲ ಎಂದು ಅವನ ಹೇಳಿಕೆ.

ಇಷ್ಟೆಲ್ಲದರಿಂದ ಸಿಕ್ಕ ಫಲ ಮಗ್ಗಿಯಷ್ಟು ಸರಳ. ಮೊದಲ ತಾಳದಲ್ಲಿ ಗುಂಡು ಒಂದು ಪಾಲು ದೂರ ಹೋದರೆ ಎರಡನೆಯ ತಾಳದಲ್ಲಿ ಮೂರು ಪಾಲು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಬೆಸ ಸಂಖ್ಯೆಗಳ ಸಾಲು. ಕೂಡುತ್ತ ಹೋದರೆ 1, 4, 9, 16: ಒಟ್ಟು ದೂರ ಕಾಲದ ವರ್ಗದಂತೆ ಬೆಳೆಯುತ್ತದೆ. ಹೀಗೇಕೆ ಎಂಬುದನ್ನು ಮರ್ಟನ್ ಪಂಡಿತರ ಪ್ರಮೇಯದಿಂದ ಬೆರಳೆಣಿಕೆಯಲ್ಲಿ ತಿಳಿಯಬಹುದು. ಮೊದಲ ತಾಳದಲ್ಲಿ ಗುಂಡು ನಿಂತಲ್ಲಿಂದ ಹೊರಟು ಒಂದು ಪಾಲು ಹೋಯಿತು. ಅದರ ನಡುವಣ ವೇಗ ತಾಳಕ್ಕೆ ಒಂದು ಪಾಲು; ಹಾಗಾದರೆ ಕೊನೆಯ ವೇಗ ಅದರ ಎರಡರಷ್ಟು. ವೇಗ ಇನ್ನು ಏರದೆ ಇದ್ದಿದ್ದರೂ ಎರಡನೆಯ ತಾಳದಲ್ಲಿ ಎರಡು ಪಾಲು ಹೋಗುತ್ತಿತ್ತು. ಏರುವಿಕೆಯಿಂದ ಮೊದಲಿನಂತೆಯೇ ಇನ್ನೊಂದು ಪಾಲು ಸೇರಿ ಮೂರಾಯಿತು. ಅದರ ಕೊನೆಗೆ ವೇಗ ನಾಲ್ಕು. ನಾಲ್ಕಕ್ಕೆ ಒಂದು ಸೇರಿ ಐದು. ಹೀಗೇ ಮುಂದಕ್ಕೆ.

ತೆಂಗಿನಕಾಯಿಗೂ ಇದೇ ಲೆಕ್ಕ. ಗಾಳಿಯ ತಡೆಯನ್ನು ಬಿಟ್ಟರೆ ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7 ಮೀಟರ್. ವೇಗ ಸೆಕೆಂಡು ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರ್‌ನಷ್ಟು ಏರುತ್ತದೆ. ಸೆಕೆಂಡ್ ಎಂಬ ಮಾತು ಒಂದೇ ವಾಕ್ಯದಲ್ಲಿ ಇಷ್ಟು ಸಲ ಬಂದದ್ದು ಅಚ್ಚಿನ ತಪ್ಪಲ್ಲ. ವೇಗವೇ ಕಾಲದಿಂದ ಭಾಗಿಸಿ ಬಂದದ್ದು. ವೇಗೋತ್ಕರ್ಷ ಅದನ್ನು ಇನ್ನೊಮ್ಮೆ ಕಾಲದಿಂದ ಭಾಗಿಸಿ ಬಂದದ್ದು. ಹೈಸ್ಕೂಲು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಅಕ್ಷರಗಳ ಸೂತ್ರಗಳು ಮಾತ್ರ ಗೆಲಿಲಿಯೋನವಲ್ಲ, ನಂತರದ ಗಣಿತಜ್ಞರವು. ಅವನು ಎಲ್ಲವನ್ನೂ ಗ್ರೀಕರಂತೆ ಅನುಪಾತಗಳಲ್ಲಿಯೇ ಬರೆದ.

ಇಲ್ಲಿ ಒಂದು ವಿಚಿತ್ರವಿದೆ. ಈ ಬೆಸ ಸಂಖ್ಯೆಗಳ ನಿಯಮ ಗೆಲಿಲಿಯೋನ ಕೈಗೆ ಸಿಕ್ಕಾಗ ಅದಕ್ಕೆ ಅವನು ಕೊಟ್ಟ ವಿವರಣೆ ತಪ್ಪಾಗಿತ್ತು. 1604ರ ಅಕ್ಟೋಬರ್ 16ರಂದು ಪಾದುವಾದಿಂದ ವೆನಿಸ್ಸಿನ ವಿದ್ವಾಂಸ ಪಾದ್ರಿ ಪಾವೊಲೊ ಸಾರ್ಪಿಗೆ ಅವನು ಬರೆದ ಪತ್ರ ಉಳಿದುಬಂದಿದೆ. ದೂರ ಕಾಲದ ವರ್ಗದಂತೆ ಬೆಳೆಯುತ್ತದೆ ಎಂಬ ಸರಿಯಾದ ನಿಯಮ ಅದರಲ್ಲಿದೆ. ಅದರ ಜೊತೆಗೆ, ಇದಕ್ಕೆಲ್ಲ ಮೂಲವಾದ ತತ್ತ್ವವೆಂದು, ಬೀಳುವ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ಅನುಗುಣವಾಗಿ ಏರುತ್ತದೆ ಎಂದೂ ಇದೆ. ಎರಡು ಮಾತೂ ಒಟ್ಟಿಗೆ ನಿಜವಾಗಲಾರವು.

ತಪ್ಪು ಮಾತು ಆಕರ್ಷಕವಾಗಿದ್ದುದು ನಿಜ. ಗೂಟ ಹೂಳುವ ಭಾರವನ್ನು ಎರಡು ಪಟ್ಟು ಎತ್ತರದಿಂದ ಬಿಟ್ಟರೆ ಪೆಟ್ಟೂ ಎರಡು ಪಟ್ಟು. ಹಾಗಾದರೆ ವೇಗವೂ ಎರಡು ಪಟ್ಟು ಇರಬೇಕು ಎನಿಸುವುದು ಸಹಜವೇ. ಪೆಟ್ಟಿನ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ ಎಂಬುದು ತಿಳಿದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ಅಲ್ಲದೆ ದೂರ ಕಣ್ಣಿಗೆ ಕಾಣುತ್ತದೆ. ಹಲಗೆಯ ಮೇಲೆ ಗೀಟು ಹಾಕಿ ಅಳೆಯಬಹುದು. ಗುಂಡು ಇಷ್ಟು ಕೆಳಗೆ ಬಂದಿದೆ, ಆದ್ದರಿಂದ ಇಷ್ಟು ಚುರುಕಾಗಿದೆ. ರೇಖಾಗಣಿತ ಬಲ್ಲವನು ಮೊದಲು ಯೋಚಿಸುವುದು ಹೀಗೆಯೇ.

ಆದರೆ ಈ ತತ್ತ್ವವನ್ನು ಹಿಡಿದು ಗುಂಡನ್ನು ಹೊರಡಿಸಲು ನೋಡಿದರೆ ಅದು ಹೊರಡುವುದೇ ಇಲ್ಲ. ಬಿಟ್ಟ ಕ್ಷಣದಲ್ಲಿ ಅದು ಬಂದ ದೂರ ಸೊನ್ನೆ. ದೂರಕ್ಕೆ ತಕ್ಕ ವೇಗವಾದರೆ ವೇಗವೂ ಸೊನ್ನೆ. ವೇಗವಿಲ್ಲದೆ ದೂರ ಹೆಚ್ಚುವಂತಿಲ್ಲ, ದೂರ ಹೆಚ್ಚದೆ ವೇಗ ಹುಟ್ಟುವಂತಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬಂತೆ ಗುಂಡು ಹಲಗೆಯ ತುದಿಯಲ್ಲಿಯೇ ಕೂತಿರಬೇಕಾಗುತ್ತದೆ. ವೇಗ ಕಾಲಕ್ಕೆ ತಕ್ಕಂತೆ ಏರುತ್ತದೆ ಎಂದರೆ ಈ ತೊಡಕಿಲ್ಲ. ಗುಂಡು ನಿಂತಿರಲಿ ಓಡಲಿ, ಕಾಲ ಯಾರನ್ನೂ ಕೇಳದೆ ತಾನೇ ಓಡುತ್ತದೆ. ಅದರೊಡನೆ ವೇಗವೂ ಸೊನ್ನೆಯಿಂದ ಮೇಲೇಳುತ್ತದೆ. ಗೆಲಿಲಿಯೋ ಯಾವ ವರ್ಷ, ಯಾವ ದಾರಿಯಿಂದ ಈ ಕಡೆಗೆ ಹೊರಳಿದ ಎಂಬುದರಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ. ಹೊರಳಿದ್ದನ್ನು ಅವನು ಮುಚ್ಚಿಡಲಿಲ್ಲ ಎಂಬುದು ಮಾತ್ರ ಮೆಚ್ಚಬೇಕಾದದ್ದು. ಅವನ ಕೊನೆಯ ಪುಸ್ತಕ ಮೂವರ ಸಂಭಾಷಣೆಯ ರೂಪದಲ್ಲಿದೆ. ಅದರಲ್ಲಿ ಸಾಗ್ರೆದೋ ಎಂಬುವನು, ವೇಗವನ್ನು ದೂರಕ್ಕೆ ಹೊಂದಿಸಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದಲ್ಲವೇ ಎನ್ನುತ್ತಾನೆ. ಸಾಲ್ವಿಯಾತಿ ಎಂಬುವನು, ತಪ್ಪಿನಲ್ಲಿ ಇಂಥ ಜೊತೆಗಾರ ಸಿಕ್ಕಿದ್ದು ಸಮಾಧಾನ, ನಮ್ಮ ಲೇಖಕನೇ ಕೆಲವು ಕಾಲ ಹಾಗೆ ನಂಬಿದ್ದನೆಂದು ಒಪ್ಪಿಕೊಂಡಿದ್ದಾನೆ ಎಂಬ ಅರ್ಥದ ಮಾತು ಹೇಳುತ್ತಾನೆ. ವಸ್ತುಗಳು ಬೀಳುತ್ತ ಬೀಳುತ್ತ ಚುರುಕಾಗುವುದು ಏಕೆ ಎಂಬ ಪ್ರಶ್ನೆಯನ್ನೂ ಆ ಪುಸ್ತಕ ಬೇಕೆಂದೇ ಬದಿಗಿಡುತ್ತದೆ. ಮೊದಲು ಹೇಗೆ ಎಂಬುದು ಗೊತ್ತಾಗಲಿ, ಏಕೆ ಎಂಬುದು ಆಮೇಲೆ. ಆ ‘ಏಕೆ’ಗೆ ನ್ಯೂಟನ್ನನ ಗ್ರಂಥ ಬಂದದ್ದು 1687ರಲ್ಲಿ. ಕ್ಷಣದ ವೇಗದ ಸೊನ್ನೆಗಳ ಒಗಟನ್ನು ಬಿಡಿಸುವ ಕಲನಶಾಸ್ತ್ರವೂ ಅವನಿಂದ ಮತ್ತು ಲೈಬ್ನಿಟ್ಸ್‌ನಿಂದ ಬಂತು. ಕಾಲದ ತುಣುಕನ್ನು ಚಿಕ್ಕದು ಮಾಡುತ್ತ ಹೋದರೆ ದೂರವೂ ಚಿಕ್ಕದಾಗುತ್ತ ಹೋಗುತ್ತದೆ, ಆದರೆ ಅವೆರಡರ ಅನುಪಾತ ಒಂದು ನಿಶ್ಚಿತ ಅಂಕಿಯ ಹತ್ತಿರ ಹತ್ತಿರ ಬಂದು ನೆಲೆ ನಿಲ್ಲುತ್ತದೆ. ಬಸ್ಸಿನ ಮುಳ್ಳು ತೋರಿಸುವ 60 ಎಂದರೆ ಆ ನೆಲೆ.

ಪುಸ್ತಕ ಹೊರಬಂದ ಬಗೆ ಒಂದು ದುಃಖದ ಕಥೆ. ಭೂಮಿ ಚಲಿಸುತ್ತದೆ ಎಂಬ ವಾದವನ್ನು ಎತ್ತಿಹಿಡಿದುದಕ್ಕಾಗಿ 1633ರ ಜೂನ್ 22ರಂದು ರೋಮಿನ ಧರ್ಮನ್ಯಾಯಾಲಯ ಗೆಲಿಲಿಯೋನಿಗೆ ಶಿಕ್ಷೆ ವಿಧಿಸಿತು. ಉಳಿದ ಆಯುಷ್ಯವೆಲ್ಲ ಗೃಹಬಂಧನ, ಬಹುಪಾಲು ಫ್ಲಾರೆನ್ಸ್ ಬಳಿಯ ಆರ್ಚೇತ್ರಿಯ ಮನೆಯಲ್ಲಿ. ಹತ್ತಿರದ ಮಠದಲ್ಲಿ ಸನ್ಯಾಸಿನಿಯಾಗಿದ್ದ ಅಕ್ಕರೆಯ ಹಿರಿಯ ಮಗಳು 1634ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಎಪ್ಪತ್ತರ ಮುದುಕ ಪಾದುವಾದ ದಿನಗಳ ಹಳೆಯ ಟಿಪ್ಪಣಿಗಳನ್ನು ಹೊರತೆಗೆದು ಗ್ರಂಥ ಬರೆಯಲು ಕೂತ. ಅವನ ಯಾವ ಪುಸ್ತಕವನ್ನೂ, ಹಳೆಯದಾಗಲಿ ಹೊಸದಾಗಲಿ, ಅಚ್ಚು ಹಾಕಲು ಅಪ್ಪಣೆ ಕೊಡಕೂಡದೆಂದು ಆಜ್ಞೆಯಿತ್ತು. ಕೊನೆಗೆ ಹಸ್ತಪ್ರತಿ ರೋಮಿನ ಕೈಗೆಟುಕದ ಹಾಲೆಂಡಿಗೆ ಹೋಯಿತು; 1638ರಲ್ಲಿ ಲೈಡನ್ನಿನ ಎಲ್ಸೆವಿಯರ್ ಮುದ್ರಣಾಲಯದಿಂದ ‘ಎರಡು ಹೊಸ ವಿಜ್ಞಾನಗಳು’ ಹೊರಬಂತು. ತನಗೆ ತಿಳಿಯದಂತೆಯೇ ಅದು ಮುದ್ರಕರ ಕೈ ಸೇರಿತೆಂದು ಅರ್ಪಣೆಯಲ್ಲಿ ಲೇಖಕ ನಟಿಸಬೇಕಾಯಿತು. ಅಷ್ಟು ಹೊತ್ತಿಗೆ ಅವನ ಎರಡು ಕಣ್ಣೂ ಹೋಗಿದ್ದವು. 1642ರ ಜನವರಿ 8ರಂದು ಅವನು ತೀರಿಕೊಂಡ.

ಓದಿದ ಎಲ್ಲರೂ ನಂಬಲಿಲ್ಲ. ಪ್ಯಾರಿಸ್ಸಿನ ಪಾದ್ರಿ ಮರ್ಸೆನ್ ಅವನು ಬದುಕಿರುವಾಗಲೇ ಸಂದೇಹ ಎತ್ತಿದ್ದ. ಅದಕ್ಕೆ ಆಧಾರವೂ ಇತ್ತು. 1632ರ ಪುಸ್ತಕದಲ್ಲಿ ಗುಂಡು ನೂರು ಮೊಳದೆತ್ತರದಿಂದ ಐದು ಸೆಕೆಂಡಿನಲ್ಲಿ ಬೀಳುತ್ತದೆಂದು ಗೆಲಿಲಿಯೋ ಬರೆದಿದ್ದ. ನಿಜವಾಗಿ ಅಷ್ಟು ಹೊತ್ತಿನಲ್ಲಿ ಗುಂಡು ಅದರ ಸುಮಾರು ಎರಡರಷ್ಟು ದೂರ ಬೀಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಕೊಯ್ರೆ ಎಂಬ ದೊಡ್ಡ ಚರಿತ್ರಕಾರ ಇನ್ನೂ ಮುಂದೆ ಹೋದ. ಲೋಟದ ನೀರು ತೂಗಿ ಅಷ್ಟು ಕರಾರುವಾಕ್ಕಾಗಿ ಅಳೆಯುವುದು ಸಾಧ್ಯವೇ ಇಲ್ಲ, ಗೆಲಿಲಿಯೋನ ನಿಯಮ ಹುಟ್ಟಿದ್ದು ತಲೆಯಲ್ಲಿ, ಹಲಗೆಯ ಮೇಲಲ್ಲ ಎಂಬುದು ಅವನ ನಿಲುವು. ವಿಜ್ಞಾನ ಹುಟ್ಟುವುದು ಕೈಯಲ್ಲೋ ತಲೆಯಲ್ಲೋ ಎಂಬ ದೊಡ್ಡ ಜಗಳವೇ ಇದರ ಹಿಂದೆ ಇತ್ತು. 1961ರಲ್ಲಿ ಥಾಮಸ್ ಸೆಟ್ಲ್ ಎಂಬ ಅಮೆರಿಕದ ಸಂಶೋಧನ ವಿದ್ಯಾರ್ಥಿ ಪುಸ್ತಕದಲ್ಲಿ ಹೇಳಿದ ಮಾದರಿಯಲ್ಲಿ ಒಂದು ಹಲಗೆ, ಒಂದು ಗುಂಡು, ನೀರಿಗೆ ಒಂದು ಹೂಕುಂಡ ಹೊಂದಿಸಿಕೊಂಡು ಮಾಡಿ ನೋಡಿದ. ಗೆಲಿಲಿಯೋ ಹೇಳಿದಷ್ಟೇ ನಿಖರತೆ ಅವನಿಗೂ ಸಿಕ್ಕಿತು.

ಮಾಡಬಹುದಿತ್ತು ಎಂದ ಮಾತ್ರಕ್ಕೆ ಮಾಡಿದ್ದನೆಂದು ಆಗುವುದಿಲ್ಲ. ಆ ಗುರುತು ಸಿಕ್ಕಿದ್ದು 1970ರ ದಶಕದಲ್ಲಿ, ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಅಲ್ಲಿರುವ ಗೆಲಿಲಿಯೋನ ಟಿಪ್ಪಣಿಗಳ 72ನೆಯ ಸಂಪುಟದಲ್ಲಿ ಬರಿಯ ಅಂಕಿ, ಗೆರೆಗಳಿರುವ ಹಾಳೆಗಳಿವೆ. ಅರ್ಥವಾಗುವ ವಾಕ್ಯಗಳಿಲ್ಲವೆಂದು ಹಿಂದಿನ ಸಂಪಾದಕರು ಅವುಗಳಲ್ಲಿ ಹಲವನ್ನು ಅಚ್ಚಿಗೆ ಕೊಟ್ಟಿರಲಿಲ್ಲ. ಕೆನಡಾದಲ್ಲಿ ನೆಲೆಸಿದ್ದ ಸ್ಟಿಲ್‌ಮನ್ ಡ್ರೇಕ್ ಎಂಬ ವಿದ್ವಾಂಸ ಅವನ್ನು ಒಂದೊಂದಾಗಿ ಓದುತ್ತ ಹೋದ. ಒಂದು ಹಾಳೆಯಲ್ಲಿ ಮೇಜಿನ ಅಂಚಿನಿಂದ ಹಾರಿಬಿದ್ದ ಗುಂಡು ಎಷ್ಟು ದೂರದಲ್ಲಿ ಬೀಳಬೇಕಿತ್ತು, ಎಷ್ಟರಲ್ಲಿ ಬಿತ್ತು, ವ್ಯತ್ಯಾಸವೆಷ್ಟು ಎಂಬ ಲೆಕ್ಕವಿತ್ತು. 107ನೆಯ ಹಾಳೆಯ ಹಿಂಬದಿಯಲ್ಲಿ ಎಂಟು ಅಂಕಿಗಳ ಒಂದು ಸಾಲಿತ್ತು: 33, 130, 298, 526, 824, 1192, 1620, 2104. ಪಕ್ಕದಲ್ಲಿ 1, 4, 9ರಿಂದ 64ರವರೆಗೆ ವರ್ಗಸಂಖ್ಯೆಗಳು. ಅವು ಆಮೇಲೆ ಸೇರಿಸಿದಂತಿವೆ ಎಂದು ಡ್ರೇಕ್‌ನ ಅಭಿಪ್ರಾಯ. ಅಳತೆಯ ಮಾನ ಗೆಲಿಲಿಯೋ ಬಳಸುತ್ತಿದ್ದ ‘ಪುಂತೊ’, ಒಂದು ಮಿಲಿಮೀಟರಿಗೆ ತುಸು ಕಡಿಮೆ. ಎಂದರೆ ಕೊನೆಯ ದೂರ ಎರಡು ಮೀಟರಿನ ಹತ್ತಿರ.

ಇವು ಸಮಾನ ಕಾಲದ ಎಂಟು ತಾಳಗಳ ಕೊನೆಗೆ ಗುಂಡು ಇದ್ದ ಸ್ಥಾನಗಳು ಎಂದು ಡ್ರೇಕ್ ಓದಿದ. ಅಳತೆಗಳಿಗೆ ಹೊಂದುವ ಓರೆ ಎರಡು ಡಿಗ್ರಿಗೂ ಕಡಿಮೆ, ಒಂದೊಂದು ತಾಳ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಕಾಲವನ್ನು ನೀರು ತೂಗಿ ಎಂಟೆಂಟು ಸಲ ಹಿಡಿಯುವುದು ಕಷ್ಟ. ಡ್ರೇಕ್‌ನ ಊಹೆ ಬೇರೆ. ಗೆಲಿಲಿಯೋನ ತಂದೆ ವಿಂಚೆಂಜೊ ಹೆಸರಾಂತ ಸಂಗೀತಗಾರ, ಲ್ಯೂಟ್ ಎಂಬ ತಂತಿವಾದ್ಯದಲ್ಲಿ ನುರಿತವನು. ಮಗನೂ ಅದನ್ನು ನುಡಿಸಬಲ್ಲವನಾಗಿದ್ದ. ನಮ್ಮ ವೀಣೆಯ ಮೆಟ್ಟುಗಳು ಮೇಣದಲ್ಲಿ ಕೂತುಬಿಟ್ಟಿರುತ್ತವೆ. ಲ್ಯೂಟಿನಲ್ಲಿ ಅವು ಪ್ರಾಣಿಯ ಕರುಳಿನ ಹುರಿಗಳು, ಕೊರಳಿಗೆ ಸುತ್ತಿ ಕಟ್ಟಿದವು, ಬೇಕೆಂದಲ್ಲಿಗೆ ಸರಿಸಬಹುದು. ಅಂಥ ಎಂಟು ಹುರಿಗಳನ್ನು ಹಲಗೆಗೆ ಸುತ್ತಿ ಗುಂಡನ್ನು ಬಿಟ್ಟರೆ ಒಂದೊಂದನ್ನು ದಾಟುವಾಗಲೂ ‘ಟಕ್’ ಎಂಬ ಸದ್ದು. ಪದವೊಂದನ್ನು ಗುನುಗುತ್ತ, ಸದ್ದು ತಾಳಕ್ಕೆ ಮೊದಲು ಬಿದ್ದರೆ ಹುರಿಯನ್ನು ಕೆಳಗೆ, ತಡವಾಗಿ ಬಿದ್ದರೆ ಮೇಲೆ ಸರಿಸುತ್ತ ಹೋದರೆ, ಎಂಟೂ ಸದ್ದುಗಳು ತಾಳಕ್ಕೆ ಕೂಡುವ ಹೊತ್ತಿಗೆ ಹುರಿಗಳ ಜಾಗಗಳೇ ಉತ್ತರ. ಕಾಲವನ್ನು ಅಳೆಯಬೇಕಾಗಿಯೇ ಇಲ್ಲ, ಅದು ಸಮನಾಗಿದ್ದರೆ ಸಾಕು. ತಾಳ ಕೂದಲೆಳೆಯಷ್ಟು ತಪ್ಪಿದರೂ ಸಂಗೀತದ ಕಿವಿ ಹಿಡಿಯುತ್ತದೆ ಎಂಬುದನ್ನು ಕಚೇರಿ ಕೇಳುವವರಿಗೆ ಹೇಳಬೇಕಿಲ್ಲ. ಡ್ರೇಕ್ ಹಾಗೆ ಮಾಡಿ ನೋಡಿ, ಆಗುತ್ತದೆ ಎಂದು 1975ರಲ್ಲಿ ಬರೆದ. ಹಾಳೆಯನ್ನು ಬೇರೆ ರೀತಿಯಲ್ಲಿ ಓದುವ ವಿದ್ವಾಂಸರೂ ಇದ್ದಾರೆ. ಹುರಿ, ಹಾಡುಗಳ ಮಾತು ಊಹೆಯೇ.

ಆದರೆ ಅಂಕಿಗಳು ಊಹೆಯಲ್ಲ. ಮೊದಲನೆಯದಾದ 33ನ್ನು ವರ್ಗಸಂಖ್ಯೆಗಳಿಂದ ಗುಣಿಸುತ್ತ ಹೋದರೆ ಬರಬೇಕಾದದ್ದು 132, 297, 528, 825, 1188, 1617, 2112. ಹಾಳೆಯಲ್ಲಿರುವುದು ಇವಲ್ಲ, ಇವುಗಳಿಗೆ ತೀರ ಹತ್ತಿರದವು. ಒಂದು ಕಡೆ ಎರಡು ಕಡಿಮೆ, ಇನ್ನೊಂದು ಕಡೆ ನಾಲ್ಕು ಹೆಚ್ಚು. ಕೂತಲ್ಲಿಯೇ ಗುಣಿಸಿ ಬರೆದವನು 2112 ಎಂದು ಬರೆಯುತ್ತಿದ್ದ. ಹಾಳೆಯ ಕೊನೆಯ ಸಾಲಿನಲ್ಲಿ ಮಾಸಿದ ಶಾಯಿಯಲ್ಲಿ ಇರುವುದು 2104. ಎರಡು ಮೀಟರಿನ ಹಲಗೆಯ ಮೇಲೆ ಏಳೆಂಟು ಮಿಲಿಮೀಟರಿನಷ್ಟು ಕಡಿಮೆ.